ಗಣಕಯಂತ್ರಕ್ಕೊಂದು ಕ್ಯಾಬಿನೆಟ್: ಬಣ್ಣ ನೋಡುವ ಮುನ್ನ ಅಳತೆ ನೋಡಿ

ಕ್ಯಾಬಿನೆಟ್ ಎಂಬ ಪದ ಕಿವಿಗೆ ಬಿದ್ದೊಡನೆ ಪತ್ರಿಕೆ ಓದುವವರ ಕಣ್ಮುಂದೆ ವಿಧಾನಸೌಧ ಸುಳಿಯುವುದು ಸಹಜ. ಆದರೆ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿ ಸಾಲಿನಲ್ಲಿ ಈ ಪದಕ್ಕಿರುವುದು ಬೇರೆಯೇ ಅರ್ಥ. ಗಣಕಯಂತ್ರದ ಬಿಡಿಭಾಗಗಳನ್ನೆಲ್ಲ ತನ್ನೊಳಗೆ ಇರಿಸಿಕೊಳ್ಳುವ ಲೋಹದ ಪೆಟ್ಟಿಗೆಯೇ ಅಲ್ಲಿ ಕ್ಯಾಬಿನೆಟ್. ಮನೆ, ಕಚೇರಿಗಳಲ್ಲಿ ಇದನ್ನೇ ‘ಸಿಪಿಯು’ ಎಂದು ಕರೆಯುವ ರೂಢಿಯೂ ಉಂಟು. ನಿಜವಾದ ಸಿಪಿಯು, ಅಂದರೆ ಪ್ರೊಸೆಸರ್, ಆ ಪೆಟ್ಟಿಗೆಯೊಳಗಿನ ಮದರ್‌ಬೋರ್ಡಿನ ಮೇಲೆ ಕುಳಿತ, ಅಂಗೈಗಿಂತ ಚಿಕ್ಕದಾದ ಚಿಪ್ ಮಾತ್ರ.

ಬಿಡಿಭಾಗಗಳನ್ನು ಆರಿಸಿ ತಂದು ಜೋಡಿಸಿಕೊಳ್ಳುವ ‘ಅಸೆಂಬಲ್ಡ್’ ಕಂಪ್ಯೂಟರಿನ ವಿಷಯದಲ್ಲಿ ಗ್ರಾಹಕರು ಪ್ರೊಸೆಸರ್ ಯಾವುದು, ರ‍್ಯಾಮ್ ಎಷ್ಟು, ಗ್ರಾಫಿಕ್ಸ್ ಕಾರ್ಡ್ ಯಾವ ಪೀಳಿಗೆಯದು ಎಂದು ವಾರಗಟ್ಟಲೆ ವಿಚಾರಿಸುತ್ತಾರೆ. ಕ್ಯಾಬಿನೆಟ್ಟಿನ ಸರದಿ ಬರುವ ಹೊತ್ತಿಗೆ ಕೈಯಲ್ಲಿ ಹಣವೂ ಉಳಿದಿರುವುದಿಲ್ಲ, ತಾಳ್ಮೆಯೂ ಉಳಿದಿರುವುದಿಲ್ಲ. ಬಣ್ಣದ ದೀಪ ಹೆಚ್ಚು ಬೆಳಗುವ ಪೆಟ್ಟಿಗೆಯೇ ಕೊನೆಗೆ ಆಯ್ಕೆಯಾಗುತ್ತದೆ. ಎಪ್ಪತ್ತು, ಎಂಬತ್ತು ಸಾವಿರ ರೂಪಾಯಿ ತೆತ್ತು ಕೊಂಡ ಯಂತ್ರಾಂಶವು ಏಪ್ರಿಲ್ ಬಂತೆಂದರೆ ಉಬ್ಬಸಪಡುವುದಕ್ಕೆ ಹಲವು ಸಲ ಈ ಪೆಟ್ಟಿಗೆಯೇ ಕಾರಣ. ರ‍್ಯಾಮ್ ಸಾಲದಾದರೆ ಇನ್ನೊಂದನ್ನು ತಂದು ಸಿಕ್ಕಿಸಬಹುದು, ಹಾರ್ಡ್ ಡಿಸ್ಕ್ ಬದಲಿಸಬಹುದು. ಕ್ಯಾಬಿನೆಟ್ ತಪ್ಪಾಯಿತೆಂದರೆ ಇಡೀ ಯಂತ್ರವನ್ನೇ ಬಿಚ್ಚಿ ಮತ್ತೆ ಕಟ್ಟಬೇಕು.

ಮೊದಲು ಅಳತೆಪಟ್ಟಿ

ಇಂದಿನ ಕ್ಯಾಬಿನೆಟ್‌ಗಳ ಮೂಲ ಇರುವುದು 1995ರಲ್ಲಿ. ಆ ವರ್ಷ ಇಂಟೆಲ್ ಸಂಸ್ಥೆ ಎಟಿಎಕ್ಸ್ ಎಂಬ ಮಾನದಂಡವನ್ನು ಪ್ರಕಟಿಸಿತು. 1984ರ ಐಬಿಎಂ ಪಿಸಿ-ಎಟಿ ಯಂತ್ರದಿಂದ ಬಂದಿದ್ದ ಹಳೆಯ ವಿನ್ಯಾಸ ಅದರಿಂದ ಕ್ರಮೇಣ ತೆರೆಮರೆಗೆ ಸರಿಯಿತು. ಮದರ್‌ಬೋರ್ಡಿನ ಉದ್ದಗಲ, ಸ್ಕ್ರೂ ರಂಧ್ರಗಳು ಇರಬೇಕಾದ ಜಾಗ, ಹಿಂಬದಿಯ ಕಿಂಡಿಯ ಗಾತ್ರ ಎಲ್ಲವನ್ನೂ ಈ ಮಾನದಂಡ ನಿಗದಿಪಡಿಸಿದೆ. ಯಾವುದೋ ಕಂಪನಿಯ ಬೋರ್ಡು ಮತ್ಯಾವುದೋ ಕಂಪನಿಯ ಪೆಟ್ಟಿಗೆಯಲ್ಲಿ ಚಕಾರವಿಲ್ಲದೆ ಕೂರುವುದು ಇದರಿಂದಲೇ. ಇದರ ಬದಲಿಗೆ ಇಂಟೆಲ್ 2004ರ ಸುಮಾರಿಗೆ ಬಿಟಿಎಕ್ಸ್ ಎಂಬ ಹೊಸ ವಿನ್ಯಾಸವನ್ನು ತರಲು ಯತ್ನಿಸಿತಾದರೂ ಮಾರುಕಟ್ಟೆ ಸ್ವಾಗತಿಸಲಿಲ್ಲ. 2006ರಲ್ಲಿ ಅದನ್ನು ಕೈಬಿಡಲಾಯಿತು.

ಪೂರ್ಣಪ್ರಮಾಣದ ಎಟಿಎಕ್ಸ್ ಮದರ್‌ಬೋರ್ಡ್ 305 ಮಿಲಿಮೀಟರ್ ಉದ್ದ, 244 ಮಿ.ಮೀ. ಅಗಲವಿರುತ್ತದೆ. ಮೈಕ್ರೋ ಎಟಿಎಕ್ಸ್ ಹೆಚ್ಚೆಂದರೆ 244 ಮಿ.ಮೀ. ಚೌಕ, ಮಿನಿ ಐಟಿಎಕ್ಸ್ 170 ಮಿ.ಮೀ. ಚೌಕ. ದೊಡ್ಡ ಪೆಟ್ಟಿಗೆಯಲ್ಲಿ ಸಣ್ಣ ಬೋರ್ಡ್ ಸಾಮಾನ್ಯವಾಗಿ ಹಿಡಿಸುತ್ತದೆ, ಸಣ್ಣ ಪೆಟ್ಟಿಗೆಯಲ್ಲಿ ದೊಡ್ಡದು ಹಿಡಿಸದು. ಮನೆಬಳಕೆಗೆ ಮಾರಾಟವಾಗುವ ಬೋರ್ಡ್‌ಗಳಲ್ಲಿ ಮೈಕ್ರೋ ಎಟಿಎಕ್ಸ್ ಗಾತ್ರದವೇ ಬಹಳ. ಅದಕ್ಕೆ ‘ಮಿಡ್ ಟವರ್’ ಎಂದು ಕರೆಯುವ ಮಧ್ಯಮ ಗಾತ್ರದ ಪೆಟ್ಟಿಗೆ ಧಾರಾಳವಾಗಿ ಸಾಕು.

ಗ್ರಾಹಕರು ಎಡವುವುದು ಮದರ್‌ಬೋರ್ಡಿನ ಅಳತೆಯಲ್ಲಲ್ಲ. ಪ್ರತಿ ಕ್ಯಾಬಿನೆಟ್ಟಿನ ವಿವರಪಟ್ಟಿಯಲ್ಲಿ ಇನ್ನೆರಡು ಅಂಕಿಗಳಿರುತ್ತವೆ. ಗ್ರಾಫಿಕ್ಸ್ ಕಾರ್ಡ್ ಎಷ್ಟು ಉದ್ದವಿರಬಹುದು ಎಂಬುದು ಒಂದು, ಪ್ರೊಸೆಸರ್ ಮೇಲಿನ ಕೂಲರ್ ಎಷ್ಟು ಎತ್ತರವಿರಬಹುದು ಎಂಬುದು ಇನ್ನೊಂದು. ಗಾಳಿಯಿಂದ ತಣಿಸುವ ಗೋಪುರದಾಕಾರದ ಕೂಲರ್‌ಗಳು ಸಾಮಾನ್ಯವಾಗಿ 150ರಿಂದ 165 ಮಿ.ಮೀ. ಎತ್ತರವಿರುತ್ತವೆ. ನಾಕ್ಟುವಾ ಕಂಪನಿಯ ಹೆಸರಾಂತ ಎನ್ಎಚ್-ಡಿ15 ಕೂಲರಿನ ಎತ್ತರ 165 ಮಿ.ಮೀ. ಪೆಟ್ಟಿಗೆಯ ಮಿತಿ 160 ಎಂದಿದ್ದರೆ ಪಕ್ಕದ ಗಾಜು ಮುಚ್ಚುವುದಿಲ್ಲ. ಐದು ಮಿಲಿಮೀಟರ್ ತಾನೇ ಎಂದು ಒತ್ತಿ ಕೂರಿಸುವಂತೆಯೂ ಇಲ್ಲ.

ಗ್ರಾಫಿಕ್ಸ್ ಕಾರ್ಡಿನ ಅಂಕಿ ಇನ್ನೂ ಮೋಸಗೊಳಿಸುವಂಥದ್ದು. ಪಟ್ಟಿಯಲ್ಲಿ 330 ಮಿ.ಮೀ. ಎಂದು ಬರೆದಿರುವ ಕ್ಯಾಬಿನೆಟ್ಟನ್ನು ಉದಾಹರಣೆಗೆ ತೆಗೆದುಕೊಳ್ಳಿ. 300 ಮಿ.ಮೀ. ಕಾರ್ಡ್ ಅದರಲ್ಲಿ ಸಲೀಸಾಗಿ ಕೂರಬೇಕು. ಆದರೆ ಮುಂಭಾಗದಲ್ಲಿ ನೀರಿನಿಂದ ತಣಿಸುವ ವ್ಯವಸ್ಥೆಯ ರೇಡಿಯೇಟರ್ ಅಳವಡಿಸಿದರೆ ಅದರ ದಪ್ಪ ಸುಮಾರು 27 ಮಿ.ಮೀ., ಅದಕ್ಕೆ ಅಂಟಿದ ಫ್ಯಾನಿನ ದಪ್ಪ 25 ಮಿ.ಮೀ., ಒಟ್ಟು 52 ಮಿ.ಮೀ. ಕಳೆದುಹೋಯಿತು. ಉಳಿದದ್ದು 278. ಕಾರ್ಡ್ ಹೊರಗೇ ನಿಂತಿತು! ತಯಾರಕರು ಬರೆಯುವ ಮಿತಿ ಮುಂಬದಿಯ ಫ್ಯಾನ್ ಸೇರಿಸಿಯೋ ಸೇರಿಸದೆಯೋ ಎಂಬುದನ್ನು ಪಟ್ಟಿಯ ಅಡಿಯ ಸಣ್ಣ ಅಕ್ಷರಗಳಲ್ಲಿ ಹುಡುಕಬೇಕಾಗುತ್ತದೆ. ರೇಡಿಯೇಟರನ್ನು ಮೇಲ್ಭಾಗದಲ್ಲಿ ಕೂರಿಸುವ ಅವಕಾಶವಿರುವ ಪೆಟ್ಟಿಗೆಯಲ್ಲಿ ಈ ತಂಟೆ ಇಲ್ಲ. ಆದರೆ ಅಲ್ಲಿ ಎತ್ತರದ ರ‍್ಯಾಮ್ ಪಟ್ಟಿಗಳು ತಗಲುತ್ತವೆಯೇ ಎಂದು ನೋಡಿಕೊಳ್ಳಬೇಕು.

ಅಗಲವನ್ನೂ ಕಡೆಗಣಿಸುವಂತಿಲ್ಲ. 2022ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾದ ಎನ್‌ವಿಡಿಯಾದ ಆರ್‌ಟಿಎಕ್ಸ್ 4090 ಕಾರ್ಡ್‌ಗೆ 450 ವ್ಯಾಟ್ ವಿದ್ಯುತ್ತನ್ನು ಒಂದೇ ಪುಟ್ಟ ಪ್ಲಗ್ ಮೂಲಕ ಒದಗಿಸಬೇಕಾಗಿತ್ತು. ಕೆಲವೆಡೆ ಆ ಪ್ಲಗ್ ಕರಗಿದ ಪ್ರಕರಣಗಳು ವರದಿಯಾದವು. ಪ್ಲಗ್ ಪೂರ್ತಿಯಾಗಿ ಒಳಗೆ ಕೂರದಿರುವುದೇ ಇದಕ್ಕೆ ಸಾಮಾನ್ಯ ಕಾರಣವೆಂದು ಕಂಪನಿ ಹೇಳಿತು. ಕಾರ್ಡಿನಿಂದ ಹೊರಬರುವ ವೈರು ಬಾಗುವುದಕ್ಕೆ ಮೂರೂವರೆ ಸೆಂಟಿಮೀಟರ್‌ನಷ್ಟಾದರೂ ಜಾಗ ಬೇಕು. ಕಿರಿದಾದ ಪೆಟ್ಟಿಗೆಯಲ್ಲಿ ಪಕ್ಕದ ಗಾಜೇ ಈ ವೈರನ್ನು ಒತ್ತುತ್ತದೆ. ಅಷ್ಟು ದುಬಾರಿ ಕಾರ್ಡನ್ನು ಎಲ್ಲರೂ ಕೊಳ್ಳುವುದಿಲ್ಲ ನಿಜ. ಆದರೆ ಅದೇ ಬಗೆಯ ಪ್ಲಗ್ ಈಗ ಅದಕ್ಕಿಂತ ಅಗ್ಗದ ಕಾರ್ಡ್‌ಗಳಲ್ಲಿಯೂ ಇದೆ.

ಉಸಿರಾಡುವ ಪೆಟ್ಟಿಗೆ

ಗಣಕಯಂತ್ರವು ಬಳಸುವ ವಿದ್ಯುತ್ತಿನಲ್ಲಿ ಹೆಚ್ಚುಕಡಿಮೆ ಎಲ್ಲವೂ ಕಡೆಗೆ ಶಾಖವಾಗಿಯೇ ಹೊರಬರುತ್ತದೆ. 300 ವ್ಯಾಟ್ ಬಳಸುವ ಯಂತ್ರವೆಂದರೆ 300 ವ್ಯಾಟ್‌ನ ಪುಟ್ಟ ಹೀಟರ್ ಎಂದೇ ತಿಳಿಯಬಹುದು. ಪೆಟ್ಟಿಗೆಯೊಳಗಿನ ಗಾಳಿ ಕೋಣೆಯ ಗಾಳಿಗಿಂತ 10 ಡಿಗ್ರಿಗಿಂತ ಹೆಚ್ಚು ಬಿಸಿಯಾಗಬಾರದು ಎಂದಾದರೆ, ಸೆಕೆಂಡಿಗೆ ಸುಮಾರು 25 ಲೀಟರ್ ಗಾಳಿ ಅದರ ಮೂಲಕ ಹಾದುಹೋಗಬೇಕು. ನಿಮಿಷಕ್ಕೆ ಲೆಕ್ಕ ಹಾಕಿದರೆ ಒಂದೂವರೆ ಘನಮೀಟರ್. ಫ್ಯಾನಿನ ಡಬ್ಬದ ಮೇಲೆ ಮುದ್ರಿಸಿರುವ ಅಂಕಿ ಎದುರಿಗೆ ಯಾವ ಅಡೆತಡೆಯೂ ಇಲ್ಲದಾಗ ಬೀಸುವ ಗಾಳಿಯದು. ಮುಂದೆ ಜಾಲರಿ, ಅದರ ಹಿಂದೆ ಫಿಲ್ಟರ್, ಅದರ ಮೇಲೆ ಮೂರು ತಿಂಗಳ ಧೂಳು ಇರುವಾಗ ಅದರಲ್ಲಿ ಬಹುಪಾಲು ಸೋರಿಹೋಗಿರುತ್ತದೆ.

ಇಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿಯೆಂದರೆ, ಯಾವ ಫ್ಯಾನೂ ಗಾಳಿಯನ್ನು ತಂಪು ಮಾಡುವುದಿಲ್ಲ. ಕೋಣೆಯ ಗಾಳಿಯನ್ನೇ ಒಳಗೆ ದೂಡುತ್ತದೆ, ಅಷ್ಟೆ. ಬೆಂಗಳೂರಿನ ಬೇಸಿಗೆಯಲ್ಲಿ 33 ಡಿಗ್ರಿ ಇರುವ ಕೋಣೆಯಲ್ಲಿ ಪ್ರೊಸೆಸರ್ 85 ಡಿಗ್ರಿ ಮುಟ್ಟುತ್ತಿದ್ದರೆ, ರಾಯಚೂರು ಅಥವಾ ಕಲಬುರಗಿಯ 42 ಡಿಗ್ರಿಯಲ್ಲಿ ಅದೇ ಯಂತ್ರ 94ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಇಂಟೆಲ್‌ನ ಇತ್ತೀಚಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ಹಲವಕ್ಕೆ 100 ಡಿಗ್ರಿ, ಎಎಂಡಿಯ ರೈಜನ್ 7000 ಸರಣಿಯ ಬಹುತೇಕ ಚಿಪ್‌ಗಳಿಗೆ 95 ಡಿಗ್ರಿ ಗರಿಷ್ಠ ಮಿತಿ. ಅದನ್ನು ಮುಟ್ಟಿದೊಡನೆ ಪ್ರೊಸೆಸರ್ ಸುಟ್ಟುಹೋಗುವುದಿಲ್ಲ, ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಹಾಗಾಗಿ ತೊಂದರೆ ಇದೆಯೆಂಬುದೇ ಬಹಳ ಮಂದಿಗೆ ಗೊತ್ತಾಗುವುದಿಲ್ಲ. ವಿಡಿಯೊ ಸಂಕಲನ ಮಾಡುವವರು ‘ಮಧ್ಯಾಹ್ನದ ಹೊತ್ತು ಕಂಪ್ಯೂಟರ್ ನಿಧಾನ’ ಎಂದು ಗೊಣಗಿದರೆ ದೋಷ ತಂತ್ರಾಂಶದ್ದೇ ಇರಬೇಕೆಂದಿಲ್ಲ. ಬೆಂಗಳೂರಿನ ತಂಪಿನಲ್ಲಿ ಪರೀಕ್ಷಿಸಿ ಹೊಗಳಲಾದ ಕ್ಯಾಬಿನೆಟ್ ಕಲ್ಯಾಣ ಕರ್ನಾಟಕದ ಬಿಸಿಲಿಗೂ ಒಗ್ಗುತ್ತದೆ ಎಂದು ನಂಬಿ ಕೊಳ್ಳುವುದು ಜಾಣತನವಲ್ಲ.

ಗಾಳಿ ಒಳಬರುವ ಮುಖ್ಯ ದಾರಿ ಮುಂಭಾಗ. ಅದನ್ನು ಗಾಜಿನಿಂದಲೋ ಪ್ಲಾಸ್ಟಿಕ್ಕಿನಿಂದಲೋ ಪೂರ್ತಿ ಮುಚ್ಚಿ, ಅಂಚಿನಲ್ಲಿ ಬೆರಳು ತೂರದಷ್ಟು ಸಂದು ಬಿಟ್ಟಿರುವ ಕ್ಯಾಬಿನೆಟ್‌ಗಳು ಇಂದಿಗೂ ಮಾರುಕಟ್ಟೆಯಲ್ಲಿವೆ. ಹಿಂದೆ ಮೂರು ಬಣ್ಣದ ಫ್ಯಾನ್ ತಿರುಗುತ್ತಿರುತ್ತವೆ. ನೋಡಲು ಚೆಂದ, ಕೆಲಸಕ್ಕೆ ಬಾರದು. ಮುಂಭಾಗ ಪೂರ್ತಿ ಉಕ್ಕಿನ ಜಾಲರಿಯಾಗಿರುವ ಕ್ಯಾಬಿನೆಟ್, ಮುಂದೆ ಎರಡೋ ಮೂರೋ ಫ್ಯಾನ್ ಒಳಕ್ಕೆ, ಹಿಂದೆ ಒಂದು ಹೊರಕ್ಕೆ ಎಂಬ ಸರಳ ಏರ್ಪಾಡು ಮನೆಬಳಕೆಯ ಬಹುತೇಕ ಯಂತ್ರಗಳಿಗೆ ಸಾಕು. ಇಂಥವು ನಾಲ್ಕೈದು ಸಾವಿರ ರೂಪಾಯಿ ಆಸುಪಾಸಿನಲ್ಲೇ ದೊರೆಯುತ್ತವೆ. ಬಣ್ಣದ ದೀಪಕ್ಕೆ ಸಾವಿರ ಹೆಚ್ಚು ಕೊಡುವುದಕ್ಕಿಂತ ಆ ಸಾವಿರಕ್ಕೆ ಇನ್ನೊಂದು ಒಳ್ಳೆಯ ಫ್ಯಾನ್ ಕೊಳ್ಳುವುದು ಮೇಲು. 140 ಮಿ.ಮೀ. ಫ್ಯಾನ್ ಕೂರುವ ಜಾಗವಿದ್ದರೆ ಇನ್ನೂ ಉತ್ತಮ. 120 ಮಿ.ಮೀ. ಫ್ಯಾನ್ ಬೀಸುವಷ್ಟೇ ಗಾಳಿಯನ್ನು ಅದು ನಿಧಾನವಾಗಿ ತಿರುಗುತ್ತಲೇ ಬೀಸುತ್ತದೆ, ಸದ್ದೂ ಕಡಿಮೆ.

2018ರಲ್ಲಿ ಲಿಯಾನ್ ಲಿ ಕಂಪನಿಯ ಒ11 ಡೈನಮಿಕ್ ಬಂದ ಮೇಲೆ ಮುಂದೆ, ಪಕ್ಕ ಎರಡೂ ಕಡೆ ಗಾಜಿರುವ, ಮೀನಿನ ತೊಟ್ಟಿಯನ್ನು ಹೋಲುವ ಪೆಟ್ಟಿಗೆಗಳು ಜನಪ್ರಿಯವಾದವು. ಇವೆಲ್ಲ ಗಾಳಿಯಾಡದ ಪೆಟ್ಟಿಗೆಗಳೆಂದು ತಳ್ಳಿಹಾಕುವುದು ತಪ್ಪಾದೀತು. ತಳ, ಬದಿ, ಮೇಲ್ಭಾಗ ಮೂರೂ ಕಡೆ ಫ್ಯಾನ್ ತುಂಬಿದರೆ ಇವು ಚೆನ್ನಾಗಿಯೇ ಕೆಲಸ ಮಾಡುತ್ತವೆ. ತೊಡಕಿರುವುದು ವೆಚ್ಚದಲ್ಲಿ. ಹಲವು ಮಾದರಿಗಳ ಜೊತೆಗೆ ಒಂದು ಫ್ಯಾನೂ ಬರುವುದಿಲ್ಲ. ಆರೋ ಏಳೋ ಫ್ಯಾನ್‌ಗಳನ್ನು ಬೇರೆ ಕೊಳ್ಳುವ ಶಕ್ತಿ ಇಲ್ಲದವರು ಈ ಆಸೆಯನ್ನು ಬಿಡುವುದೇ ಲೇಸು.

ಧೂಳು, ತೇವ ಮತ್ತು ಹಲ್ಲಿ

ಹೊರಕ್ಕೆ ಎಳೆಯುವ ಫ್ಯಾನ್‌ಗಳಿಗಿಂತ ಒಳಕ್ಕೆ ದೂಡುವವು ಹೆಚ್ಚು ಗಾಳಿ ಒದಗಿಸುವಂತಿರಬೇಕು ಎಂಬ ಮಾತಿಗೆ ಕಾರಣವಿದೆ. ಒಳಗಿನ ಒತ್ತಡ ತುಸು ಹೆಚ್ಚಿದ್ದರೆ ಸಂದುಗೊಂದುಗಳಿಂದ ಗಾಳಿ ಹೊರಗೆ ಹೋಗುತ್ತದೆ. ಕಡಿಮೆಯಿದ್ದರೆ ಅದೇ ಸಂದುಗಳಿಂದ ಸೋಸದ ಗಾಳಿ ಧೂಳಿನೊಡನೆ ಒಳಗೆ ನುಗ್ಗುತ್ತದೆ. ಕಟ್ಟಡ ಕಾಮಗಾರಿ, ರಸ್ತೆ ಅಗೆತ ನಡೆಯುತ್ತಲೇ ಇರುವ ನಗರಗಳಲ್ಲಿ ಇದು ಪುಸ್ತಕದ ಮಾತಲ್ಲ. ಮುಂದೆ, ತಳದಲ್ಲಿ ಬಿಚ್ಚಿ ತೊಳೆಯಬಲ್ಲ ಫಿಲ್ಟರ್ ಇರಲೇಬೇಕು. ಅದನ್ನು ಹೊರತೆಗೆಯಲು ಇಡೀ ಪೆಟ್ಟಿಗೆಯನ್ನು ಮಗುಚಬೇಕಾದರೆ ಯಾರೂ ತೊಳೆಯುವುದಿಲ್ಲ ಎಂಬುದು ಅನುಭವದ ಮಾತು. ಮುಂದಿನಿಂದಲೋ ಬದಿಯಿಂದಲೋ ಜಾರಿಬರುವ ಫಿಲ್ಟರನ್ನೇ ಆರಿಸಿಕೊಳ್ಳಬೇಕು.

ಮಂಗಳೂರು, ಉಡುಪಿ, ಕಾರವಾರದ ಓದುಗರು ನೋಡಬೇಕಾದದ್ದು ಬಣ್ಣದ ಲೇಪನವನ್ನು. ಅಗ್ಗದ ಪೆಟ್ಟಿಗೆಗಳಲ್ಲಿ ತಗಡನ್ನು ಕತ್ತರಿಸಿದ ಅಂಚುಗಳಿಗೆ ಲೇಪನವೇ ಇರುವುದಿಲ್ಲ. ಕಡಲ ಗಾಳಿಗೆ ಎರಡು ಮಳೆಗಾಲದಲ್ಲಿ ಅಲ್ಲಿ ತುಕ್ಕು ಏಳಬಹುದು. ಅದೇ ಹರಿತ ಅಂಚು ಜೋಡಿಸುವವರ ಬೆರಳನ್ನೂ ಕೊಯ್ಯುತ್ತದೆ. ತಗಡಿನ ದಪ್ಪ ಅರ್ಧ ಮಿಲಿಮೀಟರ್‌ಗಿಂತ ಕಡಿಮೆಯಿದ್ದರೆ ಪೆಟ್ಟಿಗೆ ಕೈಯಲ್ಲೇ ತಿರುಚಿಕೊಳ್ಳುತ್ತದೆ, ಫ್ಯಾನಿನ ಕಂಪನಕ್ಕೆ ಗುಂಯ್‌ಗುಟ್ಟುತ್ತದೆ. ಎರಡು ಮೂಲೆ ಹಿಡಿದು ಮೆಲ್ಲಗೆ ತಿರುಚಿ ನೋಡುವುದು ಅಂಗಡಿಯಲ್ಲಿ ಮಾಡಬಹುದಾದ ಸುಲಭ ಪರೀಕ್ಷೆ.

ಹಿಂಬದಿಯಲ್ಲಿ ಕಾರ್ಡ್‌ಗಳಿಗಾಗಿ ಇರುವ ಉದ್ದ ಕಿಂಡಿಗಳ ಮುಚ್ಚಳವನ್ನು ಕೆಲವು ಕಂಪನಿಗಳು ಮುರಿದು ತೆಗೆಯುವಂತೆ ಮಾಡಿರುತ್ತವೆ. ಒಮ್ಮೆ ಮುರಿದರೆ ಮತ್ತೆ ಹಾಕುವಂತಿಲ್ಲ. ಕಾರ್ಡ್ ತೆಗೆದ ದಿನ ಆ ಕಿಂಡಿ ಹಲ್ಲಿ, ಜಿರಳೆಗಳಿಗೆ ಹೆಬ್ಬಾಗಿಲಾಗುತ್ತದೆ. ಬೆಚ್ಚಗಿನ ಕತ್ತಲೆ ಜಾಗವನ್ನು ಅವು ಬಿಡುವುದುಂಟೆ? ಸತ್ತ ಹಲ್ಲಿಯಿಂದ ಮದರ್‌ಬೋರ್ಡ್ ಶಾರ್ಟ್ ಆಗುವುದು ನಮ್ಮ ಊರುಗಳಲ್ಲಿ ನಗುವ ವಿಷಯವೇನಲ್ಲ. ಸ್ಕ್ರೂ ಬಿಚ್ಚಿ ಮತ್ತೆ ಹಾಕಬಲ್ಲ ಮುಚ್ಚಳವಿರುವ ಪೆಟ್ಟಿಗೆಯೇ ವಾಸಿ.

‘ಎಸ್ಎಂಪಿಎಸ್ ಉಚಿತ’

ಯಂತ್ರಕ್ಕೆ ವಿದ್ಯುತ್ ಒದಗಿಸುವ ಘಟಕಕ್ಕೆ ನಮ್ಮಲ್ಲಿ ಎಸ್ಎಂಪಿಎಸ್ ಎಂಬ ಹೆಸರೇ ಚಾಲ್ತಿಯಲ್ಲಿದೆ. ಒಂದೂವರೆ, ಎರಡು ಸಾವಿರಕ್ಕೆ ಸಿಗುವ ಕ್ಯಾಬಿನೆಟ್‌ಗಳೊಡನೆ ಇದನ್ನು ಸೇರಿಸಿಯೇ ಕೊಡುವುದುಂಟು. ಮೇಲೆ ದೊಡ್ಡಕ್ಷರಗಳಲ್ಲಿ 450 ವ್ಯಾಟ್ ಎಂದು ಬರೆದಿರುತ್ತದೆ. ನೋಡಬೇಕಾದ ಅಂಕಿ ಅದಲ್ಲ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡಕ್ಕೂ ವಿದ್ಯುತ್ ಬರುವುದು 12 ವೋಲ್ಟ್ ಸಾಲಿನಿಂದ. ಲೇಬಲ್ಲಿನಲ್ಲಿ ಆ ಸಾಲಿನ ಕೆಳಗೆ 16 ಆಂಪಿಯರ್ ಎಂದಿದ್ದರೆ ಅದರಿಂದ ಸಿಗುವುದು 192 ವ್ಯಾಟ್ ಮಾತ್ರ. ಇಂಟೆಲ್‌ನ ಕೋರ್ ಐ5-12400 ಪ್ರೊಸೆಸರ್ ಪೂರ್ಣ ಹೊರೆಯಲ್ಲಿ 117 ವ್ಯಾಟ್‌ವರೆಗೆ ಎಳೆಯಬಲ್ಲದು, ಆರ್‌ಟಿಎಕ್ಸ್ 4060 ಕಾರ್ಡ್‌ಗೆ 115 ವ್ಯಾಟ್ ಬೇಕು. ಕೂಡಿದರೆ 232. ತೀರ ಸಾಧಾರಣವೆನಿಸುವ ಈ ಯಂತ್ರಕ್ಕೂ ಆ ‘450 ವ್ಯಾಟ್’ ಸಾಲದು.

ಕಚೇರಿಯ ಟೈಪಿಂಗ್, ಅಂತರಜಾಲ ವೀಕ್ಷಣೆಗೆಂದು ಗ್ರಾಫಿಕ್ಸ್ ಕಾರ್ಡಿಲ್ಲದ ಯಂತ್ರ ಕಟ್ಟುವವರು ಇದರಲ್ಲೇ ಸುಧಾರಿಸಬಹುದು ಎನ್ನುವವರಿದ್ದಾರೆ. ಸುಧಾರಿಸಬಹುದು, ಆದರೆ ಉಳಿಯುವ ಹಣ ಒಂದು ಮದರ್‌ಬೋರ್ಡಿನ ಬೆಲೆಯ ಮುಂದೆ ಏನೂ ಅಲ್ಲ. ಕಾರ್ಡ್ ಹಾಕುವವರಂತೂ ಕ್ಯಾಬಿನೆಟ್ಟನ್ನೂ ಎಸ್ಎಂಪಿಎಸ್ಸನ್ನೂ ಬೇರೆಬೇರೆಯಾಗಿಯೇ ಕೊಳ್ಳಬೇಕು, ಇದರಲ್ಲಿ ಎರಡು ಮಾತಿಲ್ಲ. ‘80 ಪ್ಲಸ್’ ಮುದ್ರೆ ಇದ್ದರೆ ಕನಿಷ್ಠ ಶೇ. 80ರಷ್ಟು ದಕ್ಷತೆ ಇದೆ ಎಂದು ತಿಳಿಯಬಹುದು. ಅದು ದಕ್ಷತೆಯ ಮುದ್ರೆಯೇ ಹೊರತು ಸುರಕ್ಷತೆಯ ಮುದ್ರೆಯಲ್ಲ ಎಂಬುದು ನೆನಪಿರಲಿ.

ಪೆಟ್ಟಿಗೆ ಮುಟ್ಟಿದರೆ ಜುಮ್ಮೆನ್ನುವುದೇಕೆ?

ಬರಿಗಾಲಿನಲ್ಲಿ ನಿಂತು ಕ್ಯಾಬಿನೆಟ್ಟಿನ ಹಿಂಬದಿಯ ಸ್ಕ್ರೂ ಮುಟ್ಟಿದಾಗ ಜುಮ್ಮೆನ್ನುವ ಅನುಭವ ಅನೇಕರಿಗಿದೆ. ಕ್ಯಾಬಿನೆಟ್ ಕೆಟ್ಟದೆಂದು ಬದಲಿಸಿದವರೂ ಇದ್ದಾರೆ. ದೋಷವಿರುವುದು ಮನೆಯ ಗೋಡೆಯಲ್ಲಿ. ಎಸ್ಎಂಪಿಎಸ್ಸಿನೊಳಗೆ ವಿದ್ಯುತ್ ಗದ್ದಲವನ್ನು ಸೋಸಲೆಂದು ಎರಡು ಪುಟ್ಟ ಕೆಪಾಸಿಟರ್‌ಗಳಿರುತ್ತವೆ. ಒಂದು ಫೇಸ್ ತಂತಿಯಿಂದ, ಇನ್ನೊಂದು ನ್ಯೂಟ್ರಲ್‌ನಿಂದ ಲೋಹದ ಕವಚಕ್ಕೆ ಸೇರಿರುತ್ತದೆ. ಮೂರನೆಯ ಪಿನ್ನಿನ ಅರ್ಥಿಂಗ್ ಸರಿಯಿದ್ದರೆ ಇವುಗಳಿಂದ ಸೋರುವ ಅತ್ಯಲ್ಪ ವಿದ್ಯುತ್ ನೆಲಕ್ಕೆ ಇಳಿದುಹೋಗುತ್ತದೆ. ಅರ್ಥಿಂಗ್ ಇಲ್ಲದಿದ್ದರೆ ಇಡೀ ಕ್ಯಾಬಿನೆಟ್ 230 ವೋಲ್ಟ್‌ನ ಅರ್ಧದಷ್ಟು, ಅಂದರೆ 115ರ ಸುಮಾರು ವೋಲ್ಟೇಜಿಗೆ ಏರಿ ನಿಲ್ಲುತ್ತದೆ. ಪ್ರವಾಹ ಅತ್ಯಲ್ಪವಾದ್ದರಿಂದ ಜುಮ್ಮೆನಿಸಿ ಬಿಡುತ್ತದೆ. ಆದರೆ ಎಸ್ಎಂಪಿಎಸ್ಸಿನೊಳಗೆ ತಂತಿಯೊಂದು ಕಳಚಿ ಕವಚಕ್ಕೆ ತಗುಲಿದ ದಿನ ಅದೇ ಪೆಟ್ಟಿಗೆ ಪ್ರಾಣ ತೆಗೆಯಬಲ್ಲದು. ಹಳೆಯ ಬಾಡಿಗೆ ಮನೆಗಳಲ್ಲಿ ಮೂರು ಪಿನ್ ಸಾಕೆಟ್ ಇದ್ದರೂ ಅದರ ಹಿಂದೆ ಅರ್ಥ್ ತಂತಿಯೇ ಇರದ ಸಂದರ್ಭಗಳುಂಟು. ಜುಮ್ಮೆಂದರೆ ಕರೆಯಬೇಕಾದದ್ದು ಎಲೆಕ್ಟ್ರಿಷಿಯನ್‌ನನ್ನು, ಕಂಪ್ಯೂಟರ್ ರಿಪೇರಿಯವರನ್ನಲ್ಲ.

ಕ್ಯಾಬಿನೆಟ್ಟೇ ಅಪಾಯಕಾರಿಯಾದ ನಿದರ್ಶನವೂ ಇದೆ. ಎನ್‌ಝೆಡ್ಎಕ್ಸ್‌ಟಿ ಕಂಪನಿಯ ಎಚ್1 ಎಂಬ ಪುಟ್ಟ, ಎತ್ತರದ ಪೆಟ್ಟಿಗೆಯಲ್ಲಿ ಗ್ರಾಫಿಕ್ಸ್ ಕಾರ್ಡನ್ನು ಬೇರೆ ಬದಿಗೆ ಕೂರಿಸಲು ಬಳಸಿದ್ದ ಜೋಡಣಾ ಫಲಕದ ಸ್ಕ್ರೂಗಳು ವಿದ್ಯುತ್ ಪದರಕ್ಕೆ ತಗುಲಿ ಬೆಂಕಿ ಹೊತ್ತಿಕೊಳ್ಳುವ ಸಂಭವ ಕಂಡುಬಂತು. 2021ರ ಫೆಬ್ರುವರಿಯಲ್ಲಿ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ ಮೂಲಕ ಅಲ್ಲಿ ಮಾರಾಟವಾಗಿದ್ದ ಸುಮಾರು 32 ಸಾವಿರ ಪೆಟ್ಟಿಗೆಗಳಿಗೆ ಮರುಕರೆ ಹೊರಡಿಸಲಾಯಿತು. ಹಳೆಯ ಎಚ್1 ಅನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಳ್ಳುವವರು ಆ ಫಲಕ ಬದಲಾಗಿದೆಯೇ ಎಂದು ಕೇಳದೆ ಹಣ ಕೊಡಬಾರದು.

ಮರೆಯುವ ಸಣ್ಣ ಸಂಗತಿಗಳು

ಮುಂಭಾಗದಲ್ಲಿ ಟೈಪ್-ಸಿ ಕಿಂಡಿ ಇದ್ದರೆ ಸಾಲದು, ಅದರ ತಂತಿ ಸಿಕ್ಕಿಸಲು ಮದರ್‌ಬೋರ್ಡಿನಲ್ಲೂ ಪ್ರತ್ಯೇಕ ಜಾಗವಿರಬೇಕು. ಇಲ್ಲದಿದ್ದರೆ ಅದು ಬರಿಯ ಅಲಂಕಾರ. ಹಾರ್ಡ್ ಡಿಸ್ಕ್‌ಗಳು ಎಷ್ಟು ಹಿಡಿಸುತ್ತವೆ ಎಂಬುದನ್ನು ನೋಡಬೇಕು. ಬೋರ್ಡಿನ ಮೇಲೆಯೇ ಕೂರುವ ಎಂ.2 ಎಸ್ಎಸ್‌ಡಿ ಬಂದ ಮೇಲೆ ಅನೇಕ ಪೆಟ್ಟಿಗೆಗಳು ಈ ಜಾಗವನ್ನು ಒಂದೆರಡಕ್ಕೆ ಇಳಿಸಿವೆ. ಮದುವೆ ವಿಡಿಯೊಗಳನ್ನು ವರ್ಷಗಟ್ಟಲೆ ಕಾದಿಡಬೇಕಾದ ಸ್ಟುಡಿಯೊಗಳಿಗೆ ಇದು ಸಮಸ್ಯೆ. ಸಿ.ಡಿ. ಡ್ರೈವ್ ಕೂರಿಸುವ ಕಿಂಡಿಯಂತೂ ಹೊಸ ಮಾದರಿಗಳಲ್ಲಿ ತೀರ ಅಪರೂಪ. ತಂತಿಗಳನ್ನೆಲ್ಲ ಬೋರ್ಡಿನ ಹಿಂಬದಿಯಿಂದಲೇ ಸಿಕ್ಕಿಸುವ ಹೊಸ ಬಗೆಯ ಮದರ್‌ಬೋರ್ಡ್‌ಗಳಿಗೆ ಅದಕ್ಕೆಂದೇ ಕಿಂಡಿ ಕೊರೆದಿರುವ ಕ್ಯಾಬಿನೆಟ್ಟೇ ಬೇಕು.

ಬೋರ್ಡಿನ ಕೆಳಗೆ ಹಾಕುವ ಹಿತ್ತಾಳೆಯ ಪುಟ್ಟ ಕಂಬಗಳನ್ನು ಎಣಿಸಿಕೊಳ್ಳಬೇಕು. ಬೋರ್ಡಿನಲ್ಲಿ ರಂಧ್ರವಿಲ್ಲದ ಕಡೆ ಕಂಬ ಉಳಿದರೆ ಅದು ಕೆಳಗಿನಿಂದ ಬೋರ್ಡನ್ನು ಮುಟ್ಟಿ ಶಾರ್ಟ್ ಮಾಡುತ್ತದೆ. ಹೊಸ ಯಂತ್ರ ಆನ್ ಆಗದೆ ಕಂಗಾಲಾದವರು ಮೊದಲು ನೋಡಬೇಕಾದ ಸ್ಥಳಗಳಲ್ಲಿ ಇದೂ ಒಂದು. ಪಕ್ಕದ ಗಟ್ಟಿ ಗಾಜನ್ನು ಬಿಚ್ಚಿದಾಗ ಟೈಲ್ಸ್ ನೆಲದ ಮೇಲೆ ನಿಲ್ಲಿಸಬಾರದು. ಅಂಚಿಗೆ ಬೀಳುವ ಸಣ್ಣ ಪೆಟ್ಟಿಗೂ ಅದು ಒಮ್ಮೆಲೇ ಚೂರುಚೂರಾಗುತ್ತದೆ. ಅಂತರಜಾಲದ ಮೂಲಕ ತರಿಸಿದವರು ಡಬ್ಬ ತೆರೆಯುವಾಗಲೇ ಗಾಜು ಪರೀಕ್ಷಿಸಿ ವಿಡಿಯೊ ತೆಗೆದಿಟ್ಟುಕೊಳ್ಳುವುದು ಒಳಿತು. ಅಂಗಡಿಯಲ್ಲಿ ಕೊಳ್ಳುವವರು ಗ್ರಾಫಿಕ್ಸ್ ಕಾರ್ಡ್ ಮತ್ತು ಕೂಲರಿನ ಅಳತೆಯನ್ನು ಚೀಟಿಯಲ್ಲಿ ಬರೆದೊಯ್ದು, ಜಿಎಸ್‌ಟಿ ನಮೂದಿಸಿದ ಬಿಲ್ ಕೇಳಿ ಪಡೆಯಬೇಕು.

ಇನ್ನು ಮನೆಗೆ ತಂದ ಮೇಲೆ. ಕಂಪ್ಯೂಟರ್ ಟೇಬಲ್ಲುಗಳಲ್ಲಿ ‘ಸಿಪಿಯು ಇಡಲು’ ಎಂದು ಬಡಗಿಗಳು ಮಾಡುವ ಮೂರು ಕಡೆ ಮುಚ್ಚಿದ ಮರದ ಗೂಡು ಎಂಥ ಒಳ್ಳೆಯ ಕ್ಯಾಬಿನೆಟ್ಟನ್ನೂ ಕೆಡಿಸುತ್ತದೆ. ಹಿಂದಿನಿಂದ ಹೊರಬಂದ ಬಿಸಿಗಾಳಿ ಗೋಡೆಗೆ ಬಡಿದು ಮತ್ತೆ ಮುಂದಿನಿಂದ ಒಳಗೇ ಹೋಗುತ್ತದೆ. ಗೋಡೆಗೂ ಪೆಟ್ಟಿಗೆಗೂ ಒಂದು ಗೇಣಾದರೂ ಅಂತರವಿರಲಿ. ಈಗಿನ ಬಹುಪಾಲು ಪೆಟ್ಟಿಗೆಗಳಲ್ಲಿ ಎಸ್ಎಂಪಿಎಸ್ ತಳದಲ್ಲಿದ್ದು ಕೆಳಗಿನಿಂದ ಗಾಳಿ ಎಳೆಯುತ್ತದೆ. ಆದ್ದರಿಂದ ಜಮಖಾನದ ಮೇಲೆ ಇಡಬಾರದು. ದಿನವೂ ನೆಲ ಒರೆಸುವ ಮನೆಗಳಲ್ಲಿ ಚಿಕ್ಕ ಸ್ಟ್ಯಾಂಡಿನ ಮೇಲೆ ಇಟ್ಟರೆ ನೀರಿನ ಭಯವೂ ಇರುವುದಿಲ್ಲ.

ಅಟ್ಟದ ಮೇಲೆ ಹಳೆಯ ಕ್ಯಾಬಿನೆಟ್ ಇರುವವರು ಅದನ್ನೇ ಬಳಸಬಹುದೇ ಎಂದು ಕೇಳುವುದುಂಟು. ಎಟಿಎಕ್ಸ್ ರಂಧ್ರಗಳ ಜಾಗ ಬದಲಾಗಿಲ್ಲವಾದ್ದರಿಂದ 2000ದ ದಶಕದ ಪೆಟ್ಟಿಗೆಯಲ್ಲೂ ಇಂದಿನ ಮೈಕ್ರೋ ಎಟಿಎಕ್ಸ್ ಬೋರ್ಡ್ ಕೂರುತ್ತದೆ. ಆದರೆ ಅಂಥವುಗಳಲ್ಲಿ ಫ್ಯಾನ್ ಜಾಗ ಬಹುಮಟ್ಟಿಗೆ 80 ಮಿ.ಮೀ., ಮುಂಭಾಗ ಮುಚ್ಚಿದ ಪ್ಲಾಸ್ಟಿಕ್, ಗ್ರಾಫಿಕ್ಸ್ ಕಾರ್ಡಿನ ದಾರಿಗೆ ಹಾರ್ಡ್ ಡಿಸ್ಕಿನ ಗೂಡು ಅಡ್ಡ. ಗ್ರಾಫಿಕ್ಸ್ ಕಾರ್ಡಿಲ್ಲದ, ಲೆಕ್ಕಪತ್ರ ಬರೆಯುವ ಯಂತ್ರಕ್ಕೆ ಅದು ಇನ್ನೂ ಕೆಲವು ವರ್ಷ ಬಾಳುತ್ತದೆ. ಹಳೆಯ ಎಸ್ಎಂಪಿಎಸ್ಸನ್ನು ಮಾತ್ರ ಕಳಚಿ ಬದಿಗಿಡಬೇಕು.